ಗಣಿ ಹೋದ ಮೇಲೆ ಉಳಿದ ಬಯಲು

ಭೂಮಿಯ ಒಡಲನ್ನು ಅಗೆದು ಅದರ ಸಂಪತ್ತನ್ನು ಮೇಲಕ್ಕೆತ್ತುವ ಉದ್ಯಮವು ಎಂದಾದರೊಂದು ದಿನ ಮುಗಿಯಲೇಬೇಕಾದುದು. ಉತ್ತ ಹೊಲವನ್ನು ಮರುವರ್ಷವೂ ಉಳಬಹುದು. ತೆಗೆದ ಕಲ್ಲಿದ್ದಲು ಮತ್ತೆ ಹುಟ್ಟುವುದಿಲ್ಲ. ಗಣಿಯೊಂದನ್ನು ನಂಬಿ ನೆಲೆನಿಂತ ಊರಿಗೆ ಆ ದಿನ ಬಂದಾಗ ಕೆಲಸ ಹೋದುದನ್ನು, ತರುಣರು ಊರು ಬಿಟ್ಟುದನ್ನು, ಅಂಗಡಿಗಳು ಬಾಗಿಲು ಹಾಕಿದುದನ್ನು ವೃತ್ತಪತ್ರಿಕೆಗಳು ಬರೆಯುತ್ತವೆ, ಸರ್ಕಾರಗಳು ಲೆಕ್ಕಕ್ಕೆ ಹಿಡಿಯುತ್ತವೆ. ಇವುಗಳ ಜೊತೆಜೊತೆಗೇ, ಯಾರ ಲೆಕ್ಕಕ್ಕೂ ಸಿಕ್ಕದೆ, ಇನ್ನೊಂದು ನಷ್ಟವೂ ಸಂಭವಿಸುತ್ತದೆ: ಮಕ್ಕಳು ಚೆಂಡಾಡುತ್ತಿದ್ದ ಬಯಲಿನಲ್ಲಿ ಮುಳ್ಳುಪೊದೆ ಬೆಳೆಯುತ್ತದೆ, ಈಜುಕೊಳದ ನೀರು ಬತ್ತಿ ತಳದ ಗಾರೆ ಬಿರುಕುಬಿಡುತ್ತದೆ, ಹಾಡು ನಾಟಕ ಚಲನಚಿತ್ರಗಳಿಂದ ತುಂಬಿರುತ್ತಿದ್ದ ಸಭಾಮಂದಿರಕ್ಕೆ ಬೀಗ ಬೀಳುತ್ತದೆ. ಹೊಟ್ಟೆಯ ಪ್ರಶ್ನೆಯೇ ಬಗೆಹರಿಯದಿರುವಾಗ ವಿನೋದವಿಹಾರಗಳ ಮಾತೇಕೆ ಎಂದು ಕೇಳುವವರುಂಟು. ಆದರೆ ಬ್ರಿಟನ್ನಿಗೆ ಸೇರಿದ ವೇಲ್ಸ್ ನಾಡಿನ ದಕ್ಷಿಣ ಕಣಿವೆಗಳಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಡೆದುದನ್ನು ಪರಿಶೀಲಿಸಿದರೆ, ಗಣಿಯನ್ನು ಕಳೆದುಕೊಂಡ ಜನ ತಮ್ಮ ಊರನ್ನು ಮತ್ತೆ ಊರನ್ನಾಗಿ ಮಾಡಿಕೊಳ್ಳಲು ಹೊರಟಾಗ ಅನೇಕ ಕಡೆಗಳಲ್ಲಿ ಮೊದಲು ಕೈಯಿಟ್ಟುದು ಈ ಮಂದಿರಗಳಿಗೆ, ಈ ಬಯಲುಗಳಿಗೆ ಎಂಬುದು ಕಂಡುಬರುತ್ತದೆ. ಆ ಕಾರ್ಯವನ್ನು ಅವರು ಹೇಗೆ ಮಾಡಿದರು, ಯಾವ ಬಲದಿಂದ ಮಾಡಿದರು ಎಂಬುದನ್ನು ತಿಳಿಯುವುದು ಗಣಿಗಳಿರುವ ನಮ್ಮ ನಾಡಿಗೂ ಅವಶ್ಯವಾಗಿದೆ.

ದಕ್ಷಿಣ ವೇಲ್ಸಿನ ಕಲ್ಲಿದ್ದಲ ಸೀಮೆಯು ಉತ್ತರದ ಬೆಟ್ಟಗಳಿಂದ ಸಮುದ್ರದ ಕಡೆಗೆ ಇಳಿಯುವ ಇಕ್ಕಟ್ಟಾದ ಕಣಿವೆಗಳ ಸಮೂಹ. ಕಣಿವೆಯ ತಳದಲ್ಲಿ ನದಿ. ನದಿಯ ಪಕ್ಕದಲ್ಲಿ ರೈಲುಹಾದಿ. ಅದಕ್ಕೆ ತಾಗಿ ಗಣಿ. ಗಣಿಯ ಮೇಲ್ಗಡೆ, ಬೆಟ್ಟದ ಓರೆಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಅವಕ್ಕೂ ಮೇಲೆ ಗಣಿಯ ಕಸವನ್ನು ಸುರಿದು ಸುರಿದು ಬೆಳೆದ ಕಪ್ಪು ದಿಬ್ಬಗಳು. 1913ರಲ್ಲಿ ಈ ಸೀಮೆಯಿಂದ ಹೊರಟ ಕಲ್ಲಿದ್ದಲು ಸುಮಾರು 5 ಕೋಟಿ 70 ಲಕ್ಷ ಟನ್. 1920ರ ವೇಳೆಗೆ ಇಲ್ಲಿ ದುಡಿಯುತ್ತಿದ್ದವರು ಸುಮಾರು 2 ಲಕ್ಷ 70 ಸಾವಿರ ಜನ. ಇಂಥಲ್ಲಿ ಸಮತಟ್ಟಾದ ನೆಲವೆಂಬುದು ಎಲ್ಲಕ್ಕಿಂತ ದುರ್ಲಭವಾದ ವಸ್ತು. ಇದ್ದಷ್ಟನ್ನೂ ಗಣಿಯೂ ರೈಲೂ ಹಿಡಿದುಕೊಂಡಿದ್ದುದರಿಂದ ಫುಟ್‌ಬಾಲ್ ಆಟಕ್ಕೆ ಬೇಕಾದ ಒಂದು ತುಂಡು ಬಯಲನ್ನು ಬೆಟ್ಟವನ್ನು ಕಡಿದೋ ಕಸದ ದಿಬ್ಬವನ್ನು ಹರಡಿಯೋ ಸಂಪಾದಿಸಬೇಕಾಗಿತ್ತು. ಚಳಿಗಾಲದಲ್ಲಿ ಬೆಳಗಾಗುವ ಮೊದಲೇ ಗಣಿಗೆ ಇಳಿದು ಕತ್ತಲಾದ ಮೇಲೆ ಮೇಲಕ್ಕೆ ಬರುವ ಕಾರ್ಮಿಕನಿಗೆ ವಾರದ ದಿನಗಳಲ್ಲಿ ಸೂರ್ಯನ ದರ್ಶನವೇ ಆಗುತ್ತಿರಲಿಲ್ಲ. ಅಂಥವನಿಗೆ ಶನಿವಾರದ ಮಧ್ಯಾಹ್ನ ಹಸುರು ಹುಲ್ಲಿನ ಮೇಲೆ ಓಡಾಡುವುದು ಊಟದಷ್ಟೇ ಅವಶ್ಯವಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಈ ಅವಶ್ಯಕತೆಯನ್ನು ಪೂರೈಸಲು ಅಲ್ಲಿಯ ಜನ ಯಾರ ದಾಕ್ಷಿಣ್ಯಕ್ಕೂ ಕಾಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದಲೇ ಗಣಿಕಾರ್ಮಿಕರು ತಮ್ಮ ಸಂಬಳದ ಪ್ರತಿ ಪೌಂಡಿಗೆ ಒಂದೋ ಎರಡೋ ಪೆನ್ನಿಯನ್ನು ಮುರಿಸಿಕೊಂಡು, ಆ ಹಣದಿಂದ ಊರೂರಿಗೂ ಒಂದೊಂದು ಭವನವನ್ನು ಎಬ್ಬಿಸಿದರು. ಕೆಲವೆಡೆ ಅದನ್ನು ಇನ್‌ಸ್ಟಿಟ್ಯೂಟ್ ಎಂದೂ ಕೆಲವೆಡೆ ವರ್ಕ್‌ಮೆನ್ಸ್ ಹಾಲ್ ಎಂದೂ ಕರೆದರು. ಒಳಗೆ ಒಂದು ವಾಚನಾಲಯ, ಒಂದು ಪುಸ್ತಕಾಲಯ, ಬಿಲಿಯರ್ಡ್ಸ್ ಆಡುವ ಕೊಠಡಿ, ಮೇಲಂತಸ್ತಿನಲ್ಲಿ ಸಭೆಗೂ ಸಂಗೀತಕ್ಕೂ ನಾಟಕಕ್ಕೂ ಮುಂದೆ ಚಲನಚಿತ್ರಕ್ಕೂ ಒದಗಿದ ವಿಶಾಲವಾದ ಸಭಾಂಗಣ. 1934ರ ಹೊತ್ತಿಗೆ ಈ ಸೀಮೆಯಲ್ಲಿ ಗಣಿಕಾರ್ಮಿಕರ ಪುಸ್ತಕಾಲಯಗಳೇ ನೂರಕ್ಕೂ ಮಿಕ್ಕಿದ್ದವು. ಹದಿಮೂರನೆಯ ವಯಸ್ಸಿನಲ್ಲಿ ಗಣಿಗೆ ಇಳಿದು, ಟ್ರೆಡೀಗರ್ ಊರಿನ ಇಂಥದೊಂದು ಪುಸ್ತಕಾಲಯದಲ್ಲಿ ಓದಿ ಬೆಳೆದು, ಮುಂದೆ ಮಂತ್ರಿಯಾಗಿ 1948ರಲ್ಲಿ ಬ್ರಿಟನ್ನಿನ ಜನಕ್ಕೆಲ್ಲ ಉಚಿತ ವೈದ್ಯಸೇವೆಯನ್ನು ಒದಗಿಸಿಕೊಟ್ಟ ಅನೈರಿನ್ ಬೆವನ್ನರ ಹೆಸರನ್ನು ಇಲ್ಲಿ ನೆನೆಯುವುದು ಉಚಿತವಾಗಿದೆ. ಪುಸ್ತಕಗಳಷ್ಟೇ ಮುಖ್ಯವಾದ ಇನ್ನೊಂದು ಶಿಕ್ಷಣವೂ ಆ ಭವನಗಳಲ್ಲಿ ದೊರೆಯುತ್ತಿತ್ತು. ಆಡಳಿತ ಸಮಿತಿಯನ್ನು ಸದಸ್ಯರೇ ಆರಿಸುತ್ತಿದ್ದರು. ಸಭೆಯ ನಡವಳಿಯನ್ನು ಬರೆಯುವುದು, ಆಯವ್ಯಯವನ್ನು ಒಪ್ಪಿಸುವುದು, ಭಿನ್ನಾಭಿಪ್ರಾಯವನ್ನು ಮತದಿಂದ ತೀರ್ಮಾನಿಸುವುದು ಇವೆಲ್ಲವನ್ನೂ ಗುದ್ದಲಿ ಹಿಡಿದ ಕೈಗಳೇ ಕಲಿತವು. ಈ ಅಭ್ಯಾಸವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದು ಬಂದುದರ ಫಲವನ್ನು ಮುಂದೆ ನೋಡುತ್ತೇವೆ. ಆದರೆ ಆ ಸಮಿತಿಗಳು ಬಹುಮಟ್ಟಿಗೆ ಗಂಡಸರ ಸಮಿತಿಗಳಾಗಿದ್ದವೆಂಬುದನ್ನೂ ಮರೆಯಬಾರದು. ಹೆಂಗಸರಿಗೆ ಆ ಭವನಗಳ ಮೇಲೆ ಸಮಾನವಾದ ಅಧಿಕಾರ ದೊರೆತುದು ಬಹುಕಾಲದ ಮೇಲೆ, ಅದೂ ಅವರು ಹೋರಾಡಿ ಪಡೆದ ಮೇಲೆ.

ಮೊದಲನೆಯ ಮಹಾಯುದ್ಧದ ತರುವಾಯ ಈ ಪ್ರಯತ್ನಕ್ಕೆ ಕಾನೂನಿನ ಆಸರೆ ಒದಗಿತು. ಗಣಿಕಾರ್ಮಿಕರ ಬಾಳು ಎಷ್ಟು ಶೋಚನೀಯವಾಗಿದೆಯೆಂಬುದನ್ನು 1919ರಲ್ಲಿ ಸ್ಯಾಂಕಿ ಆಯೋಗವು ಬಯಲಿಗೆ ತಂದ ಮೇಲೆ, 1920ರ ಗಣಿ ಉದ್ಯಮ ಶಾಸನದ ಮೂಲಕ ಪಾರ್ಲಿಮೆಂಟು ಗಣಿಕಾರ್ಮಿಕರ ಕ್ಷೇಮನಿಧಿಯೊಂದನ್ನು ಸ್ಥಾಪಿಸಿತು. ಅದರ ವಿಧಾನ ಸರಳವಾಗಿತ್ತು: ಮೇಲಕ್ಕೆ ಬಂದ ಪ್ರತಿ ಟನ್ ಕಲ್ಲಿದ್ದಲಿಗೆ ಗಣಿಯ ಒಡೆಯರು ಒಂದು ಪೆನ್ನಿಯನ್ನು ನಿಧಿಗೆ ಸಲ್ಲಿಸಬೇಕು. ಆಗಿನ ಒಂದು ಪೌಂಡಿಗೆ 240 ಪೆನ್ನಿಗಳು. ವರ್ಷಕ್ಕೆ 24 ಕೋಟಿ ಟನ್ ತೆಗೆದರೆ ನಿಧಿಗೆ 10 ಲಕ್ಷ ಪೌಂಡು ಸಲ್ಲುತ್ತದೆ. ಆ ಕಾಲದ ಬ್ರಿಟನ್ನಿನ ಉತ್ಪಾದನೆಯು ಒಳ್ಳೆಯ ವರ್ಷಗಳಲ್ಲಿ ಈ ಪ್ರಮಾಣಕ್ಕೆ ಬಹು ಸಮೀಪವಾಗಿತ್ತು. ಟನ್ನಿಗೆ ಒಂದು ಪೆನ್ನಿಯೆಂಬ, ಯಾರಿಗೂ ಭಾರವಾಗದ ಈ ಅಲ್ಪಮೊತ್ತದಿಂದ ದೇಶದ ಕಲ್ಲಿದ್ದಲ ಸೀಮೆಗಳಲ್ಲೆಲ್ಲ ಆಟದ ಬಯಲುಗಳು, ಉದ್ಯಾನಗಳು, ಈಜುಕೊಳಗಳು, ಸಭಾಮಂದಿರಗಳು, ರೋಗದಿಂದ ಚೇತರಿಸಿಕೊಳ್ಳುವವರ ವಿಶ್ರಾಂತಿಗೃಹಗಳು ತಲೆಯೆತ್ತಿದವು.

ಹಣಕ್ಕಿಂತ ದೂರದೃಷ್ಟಿಯ ಅಂಶವೊಂದು ಈ ಏರ್ಪಾಡಿನಲ್ಲಿತ್ತು. ನಿಧಿಯ ವಿನಿಯೋಗವನ್ನು ನಿರ್ಧರಿಸುವ ಪ್ರಾಂತ ಸಮಿತಿಗಳಲ್ಲಿ ಒಡೆಯರ ಪ್ರತಿನಿಧಿಗಳೂ ಕಾರ್ಮಿಕರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿ ಕುಳಿತಿರುತ್ತಿದ್ದರು. ಕಟ್ಟಿದ ಬಯಲನ್ನೋ ಮಂದಿರವನ್ನೋ ಅನೇಕ ಕಡೆಗಳಲ್ಲಿ ಗಣಿ ಕಂಪೆನಿಯ ಹೆಸರಿಗೆ ಬರೆಯದೆ, ಊರಿನ ಧರ್ಮದರ್ಶಿಗಳ ಹೆಸರಿಗೆ ಟ್ರಸ್ಟ್ ಪತ್ರ ಮಾಡಿ ಒಪ್ಪಿಸುತ್ತಿದ್ದರು. ಇದರ ಪರಿಣಾಮವಾಗಿ, ಗಣಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೂ, 1947ರ ಜನವರಿ 1ರಂದು ರಾಷ್ಟ್ರದ ಸ್ವತ್ತಾದರೂ, ಕೊನೆಗೆ ಮುಚ್ಚಿಯೇ ಹೋದರೂ ಆ ಬಯಲಿನ ಒಡೆತನವು ಊರಿನಲ್ಲಿಯೇ ಉಳಿಯುವುದಕ್ಕೆ ದಾರಿಯಾಯಿತು. ಪೆಟ್ಟಿಗೆಯ ತಳದಲ್ಲಿದ್ದ ಆ ಹಳೆಯ ಕಾಗದವೇ ಅರವತ್ತು ಎಪ್ಪತ್ತು ವರ್ಷಗಳ ಮೇಲೆ ಮೊಮ್ಮಕ್ಕಳ ಕೈಗೆ ಆಯುಧವಾಗಿ ದೊರೆತ ಸಂದರ್ಭಗಳಿವೆ.

ಆ ನಿಧಿಯ ನೆರವಿನಿಂದಾದ ಕೆಲಸಗಳಲ್ಲಿ ಒಂದು, ಟ್ಯಾಫ್ ನದಿಯ ದಡದಲ್ಲಿರುವ ಪಾಂಟಿಪ್ರಿದ್ ಊರಿನ ಬಯಲು ಈಜುಕೊಳ. ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ 1923ರಲ್ಲಿ ತೆರೆದ ಉದ್ಯಾನದೊಳಗೆ 1927ರಲ್ಲಿ ಅದನ್ನು ಕಟ್ಟಿದರು. ಮಸಿಹಿಡಿದ ಮೈಯ ತಂದೆಯರ ಮಕ್ಕಳು ಅಲ್ಲಿಯ ತಿಳಿನೀರಿನಲ್ಲಿ ಈಜು ಕಲಿತರು. ನಿಧಿಯ ಹಣಕ್ಕೂ ಕಾಯದೆ, ಬರಿಯ ಮೈದುಡಿಮೆಯಿಂದ ಕಟ್ಟಿದುದಕ್ಕೆ ಬ್ರಿನ್‌ಮಾರ್ ಊರು ಉದಾಹರಣೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿಯ ಗಂಡಸರಲ್ಲಿ ಬಹುಪಾಲು ಜನ ನಿರುದ್ಯೋಗಿಗಳಾಗಿದ್ದರು. ಕ್ವೇಕರ್ ಪಂಥದ ಸೇವಕರ ಪ್ರೇರಣೆಯಿಂದ ಊರಿನ ನಿರುದ್ಯೋಗಿಗಳೂ, ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲರು ಸ್ಥಾಪಿಸಿದ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಘದ ತರುಣರೂ 1931ರಲ್ಲಿ ಜೊತೆಗೂಡಿ, ಕಸ ತುಂಬಿದ್ದ ನೆಲವನ್ನು ಹಸನುಮಾಡಿ ಒಂದು ಉದ್ಯಾನವನ್ನೂ ಈಜುಕೊಳವನ್ನೂ ನಿರ್ಮಿಸತೊಡಗಿದರು. ಇದನ್ನು ಊರಿಗೆ ಊರೇ ಮೆಚ್ಚಿಕೊಂಡಿತೆಂದು ತಿಳಿಯಬಾರದು. ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟರೆ ಸರ್ಕಾರವು ತನ್ನ ಹೊಣೆಯಿಂದ ಜಾರಿಕೊಳ್ಳಲು ನಾವೇ ದಾರಿ ತೋರಿಸಿದಂತಾಗುವುದೆಂದು ಕಾರ್ಮಿಕರಲ್ಲಿಯೇ ಅನೇಕರು ತೀವ್ರವಾಗಿ ಆಕ್ಷೇಪಿಸಿದರು. ಆ ಆಕ್ಷೇಪಣೆಯಲ್ಲಿದ್ದ ನ್ಯಾಯವು ಇಂದಿಗೂ ಸವೆದಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಎಣ್ಣೆಯ ಪೈಪೋಟಿಯಿಂದಲೂ ಕಲ್ಲಿದ್ದಲ ಪದರಗಳು ತೀರಿದುದರಿಂದಲೂ ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. 1984ರ ಮಾರ್ಚಿನಲ್ಲಿ ಆರಂಭವಾಗಿ ಒಂದು ವರ್ಷ ನಡೆದ ಮಹಾಮುಷ್ಕರದ ವೇಳೆಗೆ ದಕ್ಷಿಣ ವೇಲ್ಸಿನಲ್ಲಿ ಉಳಿದಿದ್ದ ಗಣಿಗಳು 28. ಮುಷ್ಕರ ಸೋತ ಮೇಲೆ ಐದಾರು ವರ್ಷಗಳಲ್ಲಿ ಅವುಗಳಲ್ಲಿ ಬಹುತೇಕ ಎಲ್ಲವೂ ಹೋದವು. ಲೋಕಪ್ರಸಿದ್ಧವಾದ ರೊಂದಾ ಕಣಿವೆಯ ಕೊನೆಯ ಗಣಿಯಾದ ಮಾರ್ಡಿಯು 1990ರ ಡಿಸೆಂಬರಿನಲ್ಲಿ ಮುಚ್ಚಿತು.

ಗಣಿ ಮುಚ್ಚಿದೊಡನೆ ಭವನ ಮುಚ್ಚುವುದಿಲ್ಲ. ಅದು ಮೆಲ್ಲಮೆಲ್ಲನೆ ಕ್ಷಯಿಸುತ್ತದೆ. ಸಂಬಳವಿಲ್ಲದ ಮೇಲೆ ಸಂಬಳದಿಂದ ಮುರಿಯುವ ವಂತಿಗೆಯಿಲ್ಲ. ವಂತಿಗೆಯಿಲ್ಲದ ಮೇಲೆ ಮೊದಲು ಬಿಡುಗಡೆಯಾಗುವವನು ಕಟ್ಟಡದ ಕಾವಲುಗಾರ. ಅವನಿಲ್ಲದ ವರ್ಷ ಮಾಡಿನ ದೋಣಿಯಲ್ಲಿ ಸೇರಿದ ಎಲೆಕಸವನ್ನು ತೆಗೆಯುವವರಿಲ್ಲ. ಆ ಕಣಿವೆಗಳ ಎಡೆಬಿಡದ ಮಳೆಯ ನೀರು ದೋಣಿಯಲ್ಲಿ ಹರಿಯಲಾರದೆ ಗೋಡೆಯ ನೆತ್ತಿಗೆ ಇಳಿಯುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಗಳ ತುದಿ ಮೆತ್ತಗಾಗುತ್ತದೆ. ನೂರು ಜೋಡಿ ನರ್ತಿಸುತ್ತಿದ್ದ ಮರದ ನೆಲ ಒಂದು ಮೂಲೆಯಲ್ಲಿ ಕುಸಿಯುತ್ತದೆ. ಕುಸಿದ ನೆಲವನ್ನು ಕಂಡು ವಿಮೆಯವರು ಹಿಂಜರಿಯುತ್ತಾರೆ, ವಿಮೆಯಿಲ್ಲದ ಕಟ್ಟಡವನ್ನು ಸಾರ್ವಜನಿಕರಿಗೆ ತೆರೆಯುವಂತಿಲ್ಲ, ತೆರೆಯದ ಕಟ್ಟಡದಿಂದ ಹಣ ಹುಟ್ಟುವುದಿಲ್ಲ. ಹೀಗೆ ಎಲೆಕಸವನ್ನು ತೆಗೆಯುವ ಒಂದು ದಿನದ ಕೂಲಿ ಉಳಿಸಿದುದರ ಫಲವಾಗಿ ಹತ್ತು ವರ್ಷಗಳಲ್ಲಿ ಲಕ್ಷಾಂತರ ಪೌಂಡುಗಳ ದುರಸ್ತಿ ತಲೆಯ ಮೇಲೆ ಬೀಳುತ್ತದೆ. ಜೀರ್ಣತೆಯ ಈ ಕ್ರಮವನ್ನು ತಿಳಿದರೆ ಉದ್ಧಾರದ ಕ್ರಮವೂ ತಿಳಿಯುತ್ತದೆ, ಏಕೆಂದರೆ ಯಶಸ್ವಿಯಾದ ಊರುಗಳು ಮಾಡಿದುದೇನೆಂದರೆ ಈ ಸರಪಳಿಯನ್ನು ಅದರ ಅತ್ಯಂತ ಅಗ್ಗವಾದ ಕೊಂಡಿಯಲ್ಲಿ ತುಂಡರಿಸಿದುದು.

ಮೂರು ಊರುಗಳ ಮೂರು ಭವನಗಳಿಗೆ ಒದಗಿದ ಮೂರು ಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮಾರ್ಡಿಯ ವಿಶಾಲವಾದ ಕಾರ್ಮಿಕ ಭವನವು ಶಿಥಿಲವಾಗಿ 2008ರಲ್ಲಿ ನೆಲಸಮವಾಯಿತು. ಓಕ್‌ಡೇಲ್ ಊರಿನಲ್ಲಿ 1917ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟನ್ನು ಕಲ್ಲುಕಲ್ಲಾಗಿ ಬಿಚ್ಚಿ ಒಯ್ದು, ಕಾರ್ಡಿಫ್ ನಗರದ ಬಳಿಯ ಸೇಂಟ್ ಫೇಗನ್ಸ್ ಜಾನಪದ ವಸ್ತುಸಂಗ್ರಹಾಲಯದಲ್ಲಿ ಮರಳಿ ನಿಲ್ಲಿಸಿದರು. 1995ರಿಂದ ಯಾತ್ರಿಕರು ಅದನ್ನು ನೋಡುತ್ತಿದ್ದಾರೆ. ಕಟ್ಟಡ ಉಳಿಯಿತು, ಅದನ್ನು ಕಟ್ಟಿದ ಊರಿಗೆ ಅದು ಇಲ್ಲವಾಯಿತು. ಮೂರನೆಯದು ಎಬೂ ನದಿಯ ಕಣಿವೆಯ ನ್ಯೂಬ್ರಿಜ್ ಊರಿನದು. ಅಲ್ಲಿಯ ಸೆಲಿನೆನ್ ಗಣಿಗಳ ಕಾರ್ಮಿಕರು 1908ರಲ್ಲಿ ಒಂದು ಇನ್‌ಸ್ಟಿಟ್ಯೂಟನ್ನೂ, ಯುದ್ಧಾನಂತರ ಅದರ ಮಗ್ಗುಲಲ್ಲಿ ಮಡಿದವರ ನೆನಪಿಗೆ ಒಂದು ಸ್ಮಾರಕ ಭವನವನ್ನೂ ಕಟ್ಟಿಕೊಂಡಿದ್ದರು. ಕೆಳಗೆ ನೃತ್ಯಶಾಲೆ, ಮೇಲೆ ಸಿನಿಮಾಮಂದಿರ. ಊರವರ ಬಾಯಲ್ಲಿ ಅದು ‘ಮೆಮೊ’. 1985ರಲ್ಲಿ ಒಂದು, 1989ರಲ್ಲಿ ಇನ್ನೊಂದು ಗಣಿ ಮುಚ್ಚಿದ ಮೇಲೆ ಅದೂ ಹಾಳುಬೀಳುವ ದಾರಿ ಹಿಡಿದಿತ್ತು. ಊರವರು ಸಂಘಟಿತರಾಗಿ ಅದನ್ನು ಉಳಿಸಲು ನಿಂತರು. ಅಪಾಯದಲ್ಲಿದ್ದ ಪುರಾತನ ಕಟ್ಟಡಗಳಲ್ಲಿ ಯಾವುದನ್ನು ಉದ್ಧರಿಸಬೇಕೆಂದು ವೀಕ್ಷಕರ ಮತದಿಂದ ನಿರ್ಧರಿಸುತ್ತಿದ್ದ ಬಿಬಿಸಿಯ ಸ್ಪರ್ಧೆಯ ಅಂತಿಮ ಸುತ್ತಿಗೆ 2004ರಲ್ಲಿ ಅದನ್ನು ತಲಪಿಸಿದರು. ಪ್ರಥಮ ಬಹುಮಾನ ಬರಲಿಲ್ಲ. ಆದರೆ ಆ ಹೋರಾಟದಲ್ಲಿ ಕಟ್ಟಿಕೊಂಡ ಸಂಘವು ಚದರಿಹೋಗದೆ, ಅನುದಾನಗಳ ಬೆನ್ನುಹತ್ತಿ, ಮುಂದಿನ ದಶಕದಲ್ಲಿ ಆ ಭವನವನ್ನು ಜೀರ್ಣೋದ್ಧಾರ ಮಾಡಿಸಿ ಮತ್ತೆ ತೆರೆಯಿತು. ಕಳೆದುಕೊಂಡ ಬಹುಮಾನಕ್ಕಿಂತ ಗಳಿಸಿಕೊಂಡ ಸಂಘ ಹೆಚ್ಚು ಬಾಳಿತು.

ಇಂಥ ಪ್ರಯತ್ನಗಳ ನಡೆಯಲ್ಲಿ ಒಂದು ಸಾಮಾನ್ಯ ಕ್ರಮವಿದೆ. ಮೊದಲು ಕೆಲವೇ ಜನ ಸೇರಿ ಒಂದು ಕೊಠಡಿಯನ್ನು ಮಾತ್ರ ತೆರೆಯುತ್ತಾರೆ. ದೋಣಿಯ ಕಸವನ್ನು ತೆಗೆಯುತ್ತಾರೆ, ಒಡೆದ ಕಿಟಕಿಗೆ ಹಲಗೆ ಹೊಡೆಯುತ್ತಾರೆ, ವಾರಕ್ಕೊಂದು ದಿನ ವೃದ್ಧರಿಗೆ ಚಹಾಕೂಟವನ್ನೋ ಮಕ್ಕಳಿಗೆ ನೃತ್ಯದ ಪಾಠವನ್ನೋ ನಡೆಸುತ್ತಾರೆ. ಬಾಗಿಲು ತೆರೆದಿದೆಯೆಂಬ ಸುದ್ದಿಯೇ ಊರಿನ ವಿಶ್ವಾಸವನ್ನು ಅರ್ಧ ಮರಳಿಸುತ್ತದೆ. ಎರಡನೆಯದಾಗಿ, ಗುಂಪು ತನ್ನನ್ನು ಕಾನೂನಿನ ಪ್ರಕಾರ ಧರ್ಮಸಂಸ್ಥೆಯಾಗಿ ನೋಂದಾಯಿಸಿಕೊಂಡು, ಲೆಕ್ಕವನ್ನು ವರ್ಷವರ್ಷವೂ ಬಹಿರಂಗವಾಗಿ ಒಪ್ಪಿಸುತ್ತದೆ. ಮೂರನೆಯದಾಗಿ, ಸ್ಥಳೀಯ ಪರಿಷತ್ತಿನ ಕೈಯಲ್ಲಿರುವ ಆಸ್ತಿಯನ್ನು ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ನಾಳೆ ಕೈತಪ್ಪಬಹುದಾದ ಕಟ್ಟಡಕ್ಕೆ ಹಣ ಕೊಡಲು ಯಾವ ದಾನಿಯೂ ಒಪ್ಪನು. ಇಷ್ಟಾದ ಮೇಲೆಯೇ ರಾಷ್ಟ್ರೀಯ ಲಾಟರಿಯ ಪರಂಪರಾನಿಧಿಯಂಥ ದೊಡ್ಡ ದಾನಿಗಳ ಬಾಗಿಲು ತಟ್ಟುವುದು. ದೊಡ್ಡ ಅನುದಾನವನ್ನು ಮೊದಲು ಕಾದು ಕುಳಿತ ಊರುಗಳಲ್ಲಿ ಕಾಯುತ್ತಿದ್ದಂತೆಯೇ ಮಾಡು ಬಿದ್ದಿದೆ.

ಜನರ ಶ್ರಮವನ್ನು ಒಗ್ಗೂಡಿಸುವುದರಲ್ಲಿ ಗಾರು ಕಣಿವೆಯ ತುದಿಯಲ್ಲಿರುವ ಬ್ಲೇನ್‌ಗಾರು ಊರು ಕಂಡುಕೊಂಡ ಉಪಾಯವು ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿ 1894ರಲ್ಲಿ ಗಣಿಕಾರ್ಮಿಕರೇ ಕಟ್ಟಿದ ವರ್ಕ್‌ಮೆನ್ಸ್ ಹಾಲ್ ಇದೆ. ಕಣಿವೆಯ ಗಣಿಗಳು 1980ರ ದಶಕದಲ್ಲಿ ಮುಚ್ಚಿದವು. ಊರಿನಲ್ಲಿ ಹಣವಿರಲಿಲ್ಲ, ಆದರೆ ಕೆಲಸವಿಲ್ಲದವರ ಬಳಿ ಸಮಯ ಬೇಕಾದಷ್ಟಿತ್ತು. ಆಗ ಭವನವನ್ನು ನಡೆಸುತ್ತಿದ್ದ ಸ್ಥಳೀಯ ಟ್ರಸ್ಟು ಸಮಯವನ್ನೇ ನಾಣ್ಯವನ್ನಾಗಿ ಮಾಡಿತು. ಊರಿಗಾಗಿ ಯಾರಾದರೂ ಒಂದು ಗಂಟೆ ದುಡಿದರೆ, ಅದು ನೆಲ ಗುಡಿಸುವುದಿರಲಿ, ಚಹಾ ಹಂಚುವುದಿರಲಿ, ತೋಟ ಮಾಡುವುದಿರಲಿ, ಚಿಕ್ಕವರಿಗೆ ಸಂಗೀತ ಹೇಳಿಕೊಡುವುದಿರಲಿ, ಅವರಿಗೆ ಒಂದು ಗಂಟೆಯ ಚೀಟಿ ದೊರೆಯುತ್ತಿತ್ತು. ಆ ಚೀಟಿಯನ್ನು ಕೊಟ್ಟು ಅವರು ಭವನದಲ್ಲಿ ನಡೆಯುವ ನಾಟಕ ಸಂಗೀತಗಳಿಗೆ ಪ್ರವೇಶ ಪಡೆಯಬಹುದಾಗಿತ್ತು. ವಿದ್ಯಾವಂತನ ಗಂಟೆಗೂ ಕೂಲಿಯವನ ಗಂಟೆಗೂ ಬೆಲೆ ಒಂದೇ. ಧರ್ಮಕ್ಕೆ ಕೈಯೊಡ್ಡಲು ನಾಚುವವನು ತಾನು ಗಳಿಸಿದ ಚೀಟಿಯನ್ನು ಹಿಡಿದು ತಲೆಯೆತ್ತಿ ಒಳಗೆ ಬರಬಹುದಾಗಿತ್ತು. ಒಳಗೆ ಬಂದವನಿಗೆ ಭವನವು ತನ್ನ ದುಡಿಮೆಯಿಂದಲೇ ನಡೆಯುತ್ತಿದೆಯೆಂಬ ಭಾವ ಬೆಳೆಯುತ್ತಿತ್ತು. ಸಂಬಳದ ಪೌಂಡಿನಿಂದ ಪೆನ್ನಿ ಮುರಿಸಿಕೊಂಡ ಅಜ್ಜನ ಏರ್ಪಾಡನ್ನು, ಸಂಬಳವೇ ಇಲ್ಲದ ಕಾಲದಲ್ಲಿ, ಗಂಟೆಯ ರೂಪದಲ್ಲಿ ಮೊಮ್ಮಗನು ಮುಂದುವರಿಸಿದಂತಾಯಿತು. ಈ ಪದ್ಧತಿಯು ಮುಂದೆ ಬ್ರಿಟನ್ನಿನ ಬೇರೆ ಕಡೆಗಳಿಗೂ ಹರಡಿತು.

ಬೇರೆ ಊರುಗಳ ಬೇರೆ ದಾರಿಗಳೂ ಉಂಟು. ಬ್ರಿನಾಮನ್ ಊರಿನಲ್ಲಿ ಗಣಿಕಾರ್ಮಿಕರ ವಂತಿಗೆಯಿಂದ 1926ರಲ್ಲಿ ಕಟ್ಟಿದ ಸಾರ್ವಜನಿಕ ಭವನದ ಸಿನಿಮಾಮಂದಿರವನ್ನು ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ಪೋಲೆಂಡಿನಿಂದ ತಪ್ಪಿಸಿಕೊಂಡು ಬಂದ ಚಿತ್ರಕಾರ ಜೋಸೆಫ್ ಹರ್ಮನ್ನರು 1944ರಿಂದ ಹನ್ನೊಂದು ವರ್ಷ ಬಾಳಿ ಗಣಿಕಾರ್ಮಿಕರನ್ನು ಚಿತ್ರಿಸಿದ ಅಸ್ತ್ರದ್ಗಿನ್‌ಲೈಸ್ ಊರಿನಲ್ಲಿ, 1934ರ ವೆಲ್ಫೇರ್ ಹಾಲ್ ಇಂದಿಗೂ ಊರಿನ ನಾಟಕಶಾಲೆಯಾಗಿದೆ. ಡ್ಯುಲೈಸ್ ಕಣಿವೆಯ ಆನ್‌ಲುಯಿನ್ ವೆಲ್ಫೇರ್ ಹಾಲಿನಲ್ಲಿ 1984ರ ಮುಷ್ಕರದ ಕಾಲಕ್ಕೆ ಆಹಾರದ ಪೊಟ್ಟಣಗಳನ್ನು ಕಟ್ಟಿ ಹಂಚಿದ ಹೆಂಗಸರು, ಮುಷ್ಕರ ಮುಗಿದ ಮೇಲೆ ಸುಮ್ಮನೆ ಮನೆಗೆ ಮರಳಲಿಲ್ಲ. ನೂರಾರು ಸಂಸಾರಗಳಿಗೆ ವರ್ಷವಿಡೀ ಅನ್ನ ಒದಗಿಸಿದ ಸಂಘಟನಾಶಕ್ತಿಯನ್ನು ಬಳಸಿ, ಪಕ್ಕದ ಬಾನ್ವೆನ್ ಊರಿನಲ್ಲಿ ಗಣಿ ಆಡಳಿತಕ್ಕೆ ಸೇರಿದ್ದ ಕಟ್ಟಡವೊಂದನ್ನು ಹಿಡಿದು, ‘ಡವ್ ವರ್ಕ್‌ಶಾಪ್’ ಎಂಬ ಶಿಕ್ಷಣಕೇಂದ್ರವನ್ನು ತೆರೆದರು. ರೊಂದಾ ಕಣಿವೆಯಲ್ಲಿ 1968ರಲ್ಲಿ ಮುಚ್ಚಿದ, ಮೂರು ಕಿಲೋಮೀಟರಿಗೂ ಉದ್ದವಾದ ರೈಲು ಸುರಂಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆಯಿಸಬೇಕೆಂದು ಊರವರ ಸಂಘವೊಂದು 2014ರಿಂದ ಶ್ರಮಿಸುತ್ತಿದೆ. ಇಂಥ ಪ್ರಯತ್ನಗಳಿಗೆ ಧೈರ್ಯ ತುಂಬಿದ ಘಟನೆಯೆಂದರೆ ಹಿರ್ವಾನಿನ ಟವರ್ ಗಣಿಯದು. ಲಾಭವಿಲ್ಲವೆಂದು 1994ರಲ್ಲಿ ಮುಚ್ಚಿದ ಆ ಗಣಿಯನ್ನು ಟೈರೋನ್ ಓ’ಸಲಿವನ್ನರ ನೇತೃತ್ವದಲ್ಲಿ 239 ಕಾರ್ಮಿಕರು ತಲೆಗೆ 8,000 ಪೌಂಡಿನಂತೆ ಕೂಡಿಸಿ ಕೊಂಡುಕೊಂಡು, 1995ರ ಜನವರಿಯಲ್ಲಿ ಮತ್ತೆ ತೆರೆದು, ಕಲ್ಲಿದ್ದಲು ತೀರುವವರೆಗೆ, ಅಂದರೆ 2008ರವರೆಗೆ, ತಾವೇ ನಡೆಸಿದರು. ಗಣಿಯನ್ನೇ ನಡೆಸಬಲ್ಲ ಜನಕ್ಕೆ ಒಂದು ಸಭಾಮಂದಿರವನ್ನು ನಡೆಸುವುದು ಅಸಾಧ್ಯವೇ ಎಂಬ ಪ್ರಶ್ನೆಗೆ ಆ ಮೇಲೆ ಉತ್ತರ ಬೇಕಾಗಲಿಲ್ಲ.

ಆದರೆ ಊರವರ ಶಕ್ತಿಗೂ ಮಿತಿಯಿದೆ. 1991ರಲ್ಲಿ ಮುಚ್ಚಿದ ಪಾಂಟಿಪ್ರಿದ್ದಿನ ಈಜುಕೊಳ ಇಪ್ಪತ್ತನಾಲ್ಕು ವರ್ಷ ಹಾಳುಬಿದ್ದಿದ್ದು, ಅರವತ್ತು ಲಕ್ಷ ಪೌಂಡಿಗೂ ಮಿಕ್ಕ ಖರ್ಚಿನಿಂದ ಜೀರ್ಣೋದ್ಧಾರವಾಗಿ 2015ರಲ್ಲಿ ವೇಲ್ಸಿನ ರಾಷ್ಟ್ರೀಯ ಈಜುಕೊಳವೆಂಬ ಹೆಸರಿನಿಂದ ತೆರೆಯಿತು. ಆ ಹಣ ಬಂದುದು ಸ್ಥಳೀಯ ಪರಿಷತ್ತು, ಲಾಟರಿ ನಿಧಿ, ಯೂರೋಪಿನ ಒಕ್ಕೂಟ ಮೊದಲಾದ ಕಡೆಗಳಿಂದ. 2020ರ ಫೆಬ್ರವರಿಯಲ್ಲಿ ಡೆನಿಸ್ ಚಂಡಮಾರುತದ ಪ್ರವಾಹ ಅದನ್ನು ನುಗ್ಗಿ ಕೆಡಿಸಿದಾಗ ಮತ್ತೆ ಸಾರ್ವಜನಿಕ ಹಣವೇ ಬೇಕಾಯಿತು. ಮಾಡಿನ ಕಸವನ್ನು ಊರವರು ತೆಗೆಯಬಹುದು. ಉಕ್ಕಿದ ನದಿಯನ್ನು ವಂತಿಗೆಯಿಂದ ತಡೆಯಲಾಗದು. 2010ರ ಅನಂತರ ಬ್ರಿಟನ್ನಿನ ಸರ್ಕಾರವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ಕಡಿತಗೊಳಿಸಿದಾಗ ಅನೇಕ ಪರಿಷತ್ತುಗಳು ಆಟದ ಬಯಲು, ಪುಸ್ತಕಾಲಯ, ಸಭಾಮಂದಿರಗಳನ್ನು ಊರವರ ತಲೆಗೆ ಹೊರಿಸಿ ತಾವು ಹಗುರಾದವು. ಸ್ಕಾಟ್ಲೆಂಡಿನಲ್ಲಿ 2015ರ ಶಾಸನದ ಪ್ರಕಾರ ಸಾರ್ವಜನಿಕ ಆಸ್ತಿಯನ್ನು ತಮಗೆ ವಹಿಸಿಕೊಡಿರೆಂದು ಕೇಳುವ ಹಕ್ಕು ಊರವರಿಗುಂಟು. ವೇಲ್ಸಿನಲ್ಲಿ ಅಂಥ ಹಕ್ಕಿಲ್ಲದ ಕಾರಣ ಎಲ್ಲವೂ ಪರಿಷತ್ತಿನ ಮರ್ಜಿಯನ್ನು ಅವಲಂಬಿಸಿದೆ. ಇದಲ್ಲದೆ, ಇಂಥ ಸಮಿತಿಗಳಲ್ಲಿ ದುಡಿಯುವವರು ಹೆಚ್ಚಾಗಿ ನಿವೃತ್ತರು. ಅವರ ಕೈ ಸೋತಾಗ ಹೊಣೆ ಹೊರುವ ತರುಣರು ಊರಿನಲ್ಲಿ ಉಳಿದಿರಬೇಕು. 1931ರಲ್ಲಿ ಬ್ರಿನ್‌ಮಾರಿನ ಕಾರ್ಮಿಕರು ಎತ್ತಿದ ಆಕ್ಷೇಪಣೆ ಇಲ್ಲಿ ಮತ್ತೆ ಎದುರು ನಿಲ್ಲುತ್ತದೆ. ಅದಕ್ಕೆ ನನಗೆ ತೋರುವ ಸಮಾಧಾನವಿಷ್ಟು: ದಿನದಿನದ ಆಡಳಿತವೂ ಒಡೆತನವೂ ಊರಿನವರದಾಗಿರಲಿ, ಅಡಿಪಾಯ, ಮಾಡು, ಪ್ರವಾಹ ಇವುಗಳ ಹೊಣೆ ರಾಜ್ಯದ್ದಾಗಿರಲಿ. ಒಡೆತನವನ್ನು ಕೊಡದೆ ಹೊಣೆಯನ್ನು ಮಾತ್ರ ಹೊರಿಸುವುದು ಅನ್ಯಾಯ. ಒಡೆತನವನ್ನೂ ಹೊಣೆಯನ್ನೂ ಎರಡನ್ನೂ ಕಿತ್ತುಕೊಳ್ಳುವುದು ಅದಕ್ಕಿಂತ ಹೆಚ್ಚಿನ ಅನ್ಯಾಯ.

ಈ ವಿಚಾರವು ಕನ್ನಡನಾಡಿನಿಂದ ದೂರದ್ದಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದುದು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ. ಅಲ್ಲಿಯ ಬಾವಿಗಳಿಗೆ ಇಳಿದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರೂ ಇದ್ದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಆ ಊರಿನಲ್ಲಿ ಕ್ಲಬ್ಬುಗಳು, ಗಾಲ್ಫ್ ಮೈದಾನ, ಆಟದ ಬಯಲುಗಳು ಎಲ್ಲವೂ ಇದ್ದವು. ಆದರೆ ನೆಲವೂ ಮನೆಯೂ ಕಂಪೆನಿಯವು. ವಿಹಾರಸ್ಥಾನಗಳಲ್ಲಿ ಮೇಲ್ಮಟ್ಟದವು ಬಹುಕಾಲ ದೊರೆಗಳಿಗೆ ಮೀಸಲಾಗಿದ್ದವು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿಯುವ ಭಯದ ನಡುವೆ ದುಡಿದ ಕಾರ್ಮಿಕನ ಹೆಸರಿನಲ್ಲಿ ಅಲ್ಲಿ ಬಯಲಿನ ಪತ್ರವಿರಲಿಲ್ಲ. ಆದುದರಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ವೇಲ್ಸಿನ ಕಾರ್ಮಿಕನಿಗೆ ದಕ್ಕಿದ ಆ ಆಸರೆ ಕೋಲಾರದ ಕಾರ್ಮಿಕನಿಗೆ ದಕ್ಕಲಿಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಾಗಲೂ ಊರನ್ನು ಕಟ್ಟಿದುದು ಕಂಪೆನಿಯೇ ಆಗಿತ್ತು. ಕಂಪೆನಿಯ ಕೆಲಸ ನಿಂತೊಡನೆ ಊರೇ ಬರಿದಾಯಿತು. ಎರಡು ದೇಶಗಳ ಕಾರ್ಮಿಕರ ಶ್ರದ್ಧೆಯಲ್ಲಿ ಭೇದವಿರಲಿಲ್ಲ; ಭೇದವಿದ್ದುದು ಆಸ್ತಿಯ ಪತ್ರದಲ್ಲಿ.

ಟನ್ನಿಗೊಂದು ಪೆನ್ನಿಯನ್ನು ಹೋಲುವ ಏರ್ಪಾಡು ಈಗ ನಮ್ಮಲ್ಲಿಯೂ ಇದೆ. ಗಣಿಗಳು ಮತ್ತು ಖನಿಜಗಳ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಂತೆ ಗಣಿಗಳಿರುವ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬ ಟ್ರಸ್ಟು ಸ್ಥಾಪಿತವಾಗಿದೆ. ಹರಾಜಿನಲ್ಲಿ ಗುತ್ತಿಗೆ ಪಡೆದವರು ರಾಜಧನದ ಶೇಕಡ 10ರಷ್ಟನ್ನೂ, ಹಳೆಯ ಗುತ್ತಿಗೆದಾರರು ಶೇಕಡ 30ರಷ್ಟನ್ನೂ ಅದಕ್ಕೆ ಸಲ್ಲಿಸಬೇಕು. ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳಂಥ ಅದಿರಿನ ಜಿಲ್ಲೆಗಳಿಗೆ ಇದರಿಂದ ಬರುವ ಹಣ ಅಲ್ಪವಲ್ಲ. ಆದರೆ ಅದರ ಚುಕ್ಕಾಣಿಯಿರುವುದು ಜಿಲ್ಲಾಡಳಿತದ ಕೈಯಲ್ಲಿ. ಗಣಿಯ ದೂಳನ್ನು ಉಸಿರಾಡುವ ಊರಿನವರಿಗೆ ವೇಲ್ಸಿನ ಪ್ರಾಂತ ಸಮಿತಿಗಳಲ್ಲಿ ಕಾರ್ಮಿಕರಿಗಿದ್ದ ಸಮಪಾಲಿಲ್ಲ.

ಸಂಡೂರಿನ ಬೆಟ್ಟಗಳಲ್ಲಿ ಅದಿರು ಇನ್ನೂ ಹೊರಡುತ್ತಿದೆ, ಹಣ ಇನ್ನೂ ಬರುತ್ತಿದೆ. ಮಾಡಬೇಕಾದ ಕೆಲಸವನ್ನು ಮಾಡಲು ಇದೇ ಸಮಯ. ಮುಚ್ಚಿದ ಮೇಲೆ ಕೇಳುವವರಿಗೆ ಕೊಡುವವರಿರುವುದಿಲ್ಲ. ಗಣಿಯ ಊರುಗಳಲ್ಲಿ ಆಟದ ಬಯಲಿಗೂ ಪುಸ್ತಕಾಲಯಕ್ಕೂ ಸಭಾಮಂದಿರಕ್ಕೂ ಪ್ರತಿಷ್ಠಾನದ ಹಣದಿಂದ ಒಂದು ಪಾಲು ಸಲ್ಲಲಿ. ಕಟ್ಟಿದುದನ್ನು ಕಂಪೆನಿಯ ಹೆಸರಿಗಾಗಲಿ ಇಲಾಖೆಯ ಹೆಸರಿಗಾಗಲಿ ಬಿಡದೆ, ಊರವರು ಆರಿಸಿದ ಗಂಡಸರೂ ಹೆಂಗಸರೂ ಸಮಸಂಖ್ಯೆಯಲ್ಲಿರುವ ಧರ್ಮದರ್ಶಿ ಮಂಡಳಿಯ ಹೆಸರಿಗೆ ಪತ್ರ ಮಾಡಿ ನೋಂದಾಯಿಸಲಿ. ಬಳಸುವವರು ತಿಂಗಳಿಗೆ ಹತ್ತು ರೂಪಾಯಿಯನ್ನೋ ಒಂದು ಗಂಟೆಯ ದುಡಿಮೆಯನ್ನೋ ಕೊಡುವ ರೂಢಿ ಮೊದಲ ದಿನದಿಂದಲೇ ಬೆಳೆಯಲಿ, ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಲಿ. ಅದಿರು ಎಂದು ತೀರುವುದೆಂಬುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಅದು ತೀರಿದ ದಿನ ಮಕ್ಕಳಾಡುವ ಬಯಲಿನ ಪತ್ರ ಯಾರ ಹೆಸರಿನಲ್ಲಿರಬೇಕೆಂಬುದನ್ನು ಇಂದೇ ತೀರ್ಮಾನಿಸಬಹುದು, ಅದಕ್ಕೆ ಬೇಕಾದ ಹಣವೂ ಇಂದು ಕೈಯಲ್ಲಿದೆ.